ಡೆಂಗಿಗೆ ಬೇಡದ ಆಸ್ಪಿರಿನ್ ಹೃದಯಾಘಾತಕ್ಕೆ ಯಾಕೆ ಬೇಕು: ಪ್ಲೇಟ್‌ಲೆಟ್ ಎಚ್ಚರಗೊಳ್ಳುವ ಬಗೆ

ಮಳೆಗಾಲ ಹಿಡಿದರೆ ದಾವಣಗೆರೆ, ಚಿತ್ರದುರ್ಗ ಕಡೆಯ ಮೊಬೈಲುಗಳಲ್ಲಿ ಎರಡು ಸಂದೇಶಗಳು ಒಟ್ಟೊಟ್ಟಿಗೆ ಓಡಾಡುತ್ತವೆ. ‘ಜ್ವರ ಬಂದರೆ ಆಸ್ಪಿರಿನ್ ಮುಟ್ಟಬೇಡಿ, ರಕ್ತಸ್ರಾವ ಆಗುತ್ತದೆ’ ಎನ್ನುವುದು ಒಂದು. ‘ಎದೆನೋವು ಬಂದರೆ ತಕ್ಷಣ ಆಸ್ಪಿರಿನ್ ಅಗಿದು ನುಂಗಿ, ಜೀವ ಉಳಿಯುತ್ತದೆ’ ಎನ್ನುವುದು ಇನ್ನೊಂದು. ಎರಡನ್ನೂ ಓದಿದ ಮನೆಯವರು ಗಲಿಬಿಲಿಯಾಗುವುದು ಸಹಜ, ಏಕೆಂದರೆ ಎರಡೂ ನಿಜ.

ಗಲಿಬಿಲಿಗೆ ಹಿನ್ನೆಲೆಯಾಗಿ ಎರಡು ವರ್ಷಗಳ ಸುದ್ದಿ ಇದೆ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಮರಿ ಬೆಳೆಯಲು ಬಿಟ್ಟವರಿಗೆ ದಂಡ ಹಾಕುವ ನಿಯಮ ತಂದಿತು. ಮರುವರ್ಷ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳು ರಾಜ್ಯವನ್ನೇ ಬೆಚ್ಚಿಬೀಳಿಸಿದವು. ಒಂದರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಇಳಿಯಿತು ಎಂಬ ಭಯ, ಇನ್ನೊಂದರಲ್ಲಿ ಅದೇ ಪ್ಲೇಟ್‌ಲೆಟ್ ಗಡ್ಡೆ ಕಟ್ಟಿತು ಎಂಬ ಭಯ. ಈ ಎರಡು ಭಯಗಳ ನಡುವೆ ಜನರ ಕೈಯಲ್ಲಿ ಉಳಿದಿರುವುದು ಲ್ಯಾಬ್ ಚೀಟಿಯ ಒಂದೇ ಒಂದು ಅಂಕಿ. ಆ ಅಂಕಿ ಪ್ಲೇಟ್‌ಲೆಟ್ ಎಷ್ಟಿವೆ ಎಂದು ಹೇಳುತ್ತದೆ, ಅಷ್ಟೇ. ಅವು ಸುಮ್ಮನಿವೆಯೋ ಕೆರಳಿವೆಯೋ ಎಂಬುದು ಅದರಲ್ಲಿ ಬರೆದಿರುವುದಿಲ್ಲ. ಅಪಾಯದ ಬಹುಪಾಲು ಇರುವುದು ಅಲ್ಲಿ.

‘ಬಿಳಿ ರಕ್ತಕಣ’ ಅಲ್ಲ

ನಮ್ಮ ಕಡೆ ‘ಬಿಳಿ ರಕ್ತಕಣ ಇಳಿದಾವೆ’ ಎಂದು ಹೇಳುವಾಗ ಹೆಚ್ಚಿನವರ ಮನಸ್ಸಿನಲ್ಲಿರುವುದು ಪ್ಲೇಟ್‌ಲೆಟ್. ಅವೆರಡೂ ಬೇರೆ ಬೇರೆ. ಬಿಳಿ ಕಣ ಸೋಂಕಿನ ವಿರುದ್ಧ ಹೋರಾಡುವ ಪೂರ್ಣ ಜೀವಕೋಶ. ಪ್ಲೇಟ್‌ಲೆಟ್ ಅಥವಾ ಕಿರುಬಿಲ್ಲೆ ಎಂದರೆ ಮೂಳೆಮಜ್ಜೆಯ ದೈತ್ಯ ಕೋಶವೊಂದರಿಂದ ಮುರಿದು ಬಂದ ಚೂರು. ಅದಕ್ಕೆ ಕೋಶಕೇಂದ್ರ ಇಲ್ಲ. ಅಗಲ ಒಂದು ಮಿಲಿಮೀಟರಿನ ಸಾವಿರದ ಎರಡು-ಮೂರು ಪಾಲು. ಒಂದು ದೈತ್ಯ ಕೋಶದಿಂದ ಸಾವಿರದಿಂದ ಮೂರು ಸಾವಿರ ಚೂರುಗಳು ಉದುರುತ್ತವೆ. ಆರೋಗ್ಯವಂತರ ದೇಹ ದಿನಕ್ಕೆ ಸುಮಾರು 10,000 ಕೋಟಿ ಪ್ಲೇಟ್‌ಲೆಟ್ ತಯಾರಿಸುತ್ತದೆ. ಒಂದೊಂದರ ಆಯಸ್ಸು 7ರಿಂದ 10 ದಿನ. ಒಂದು ಮೈಕ್ರೋಲೀಟರ್ ರಕ್ತದಲ್ಲಿ 1.5 ಲಕ್ಷದಿಂದ 4.5 ಲಕ್ಷ ಇದ್ದರೆ ಸರಿ. ಸುಮಾರು ಮೂರನೇ ಒಂದು ಪಾಲು ಗುಲ್ಮದಲ್ಲಿ (ಸ್ಪ್ಲೀನ್) ದಾಸ್ತಾನು ಇರುತ್ತದೆ.

ಕೋಶಕೇಂದ್ರ ಇಲ್ಲ ಎಂಬ ಮಾತು ನೆನಪಿರಲಿ. ಆಸ್ಪಿರಿನ್ನಿನ ಇಡೀ ಕಥೆ ಅದರ ಮೇಲೆ ನಿಂತಿದೆ.

ಎಚ್ಚರಗೊಳ್ಳುವುದು ಎಂದರೆ

ರಕ್ತನಾಳದ ಒಳಪದರ ಪ್ಲೇಟ್‌ಲೆಟ್‌ಗಳನ್ನು ಸದಾ ಸಮಾಧಾನ ಮಾಡುತ್ತಿರುತ್ತದೆ. ಅದು ಬಿಡುವ ನೈಟ್ರಿಕ್ ಆಕ್ಸೈಡ್ ಮತ್ತು ಪ್ರೊಸ್ಟಾಸೈಕ್ಲಿನ್ ಇರುವ ತನಕ ಅವು ನುಣುಪಾದ ಬಿಲ್ಲೆಗಳಾಗಿ ಗೋಡೆಯ ಪಕ್ಕದಲ್ಲಿ ಜಾರುತ್ತಾ ಹೋಗುತ್ತವೆ. ಈರುಳ್ಳಿ ಹೆಚ್ಚುವಾಗ ಬೆರಳು ಕೊಯ್ದುಕೊಂಡಿತು ಎನ್ನಿ. ಒಳಪದರ ಹರಿದು ಅದರ ಕೆಳಗಿನ ಕೊಲಾಜೆನ್ ನಾರು ರಕ್ತಕ್ಕೆ ತೆರೆದುಕೊಳ್ಳುತ್ತದೆ. ವಾನ್ ವಿಲ್ಲೆಬ್ರಾಂಡ್ ಎಂಬ ಉದ್ದನೆಯ ಪ್ರೋಟೀನು ಆ ನಾರಿಗೆ ಅಂಟಿ, ರಭಸದಲ್ಲಿ ಸಾಗುತ್ತಿರುವ ಪ್ಲೇಟ್‌ಲೆಟ್‌ಗಳನ್ನು ಹಿಡಿದು ನಿಧಾನ ಮಾಡುತ್ತದೆ.

ಹಿಡಿದ ಕೂಡಲೇ ಪ್ಲೇಟ್‌ಲೆಟ್ಟಿನೊಳಗೆ ಕ್ಯಾಲ್ಸಿಯಂ ಏರುತ್ತದೆ, ಬಿಲ್ಲೆ ಉರುಟಾಗಿ ಸುತ್ತಲೂ ಮುಳ್ಳು ಹೊರಡುತ್ತವೆ. ಚಿತ್ರದುರ್ಗದ ಹೊಲಗಳಲ್ಲಿ ಕಾಲಿಗೆ ಚುಚ್ಚುವ ನೆಗ್ಗಿಲ ಮುಳ್ಳು ನೋಡಿದವರಿಗೆ ಆ ಆಕಾರ ಕಣ್ಣಿಗೆ ಕಟ್ಟುತ್ತದೆ. ಆಮೇಲೆ ಮೂರು ಕೆಲಸ ನಡೆಯುತ್ತವೆ. ಒಳಗಿನ ಕಾಳುಗಳು ಒಡೆದು ಎಡಿಪಿ, ಸೆರೊಟೋನಿನ್ ಎಂಬ ರಾಸಾಯನಿಕಗಳು ಹೊರಬಂದು ಅಕ್ಕಪಕ್ಕದವನ್ನು ಕೂಗಿ ಕರೆಯುತ್ತವೆ. ಕಾಕ್ಸ್-1 ಎಂಬ ಕಿಣ್ವ ಥ್ರಾಂಬಾಕ್ಸೇನ್ ತಯಾರಿಸುತ್ತದೆ. ಅದು ಇನ್ನೂ ಜೋರಾದ ಕೂಗು. ಮೈಮೇಲಿನ ಸುಮಾರು 80,000 ಕೊಂಡಿಗಳು ತೆರೆದುಕೊಂಡು, ಫೈಬ್ರಿನೋಜೆನ್ ಎಂಬ ದಾರದಿಂದ ಒಂದು ಪ್ಲೇಟ್‌ಲೆಟ್ ಇನ್ನೊಂದಕ್ಕೆ ಹೆಣೆದುಕೊಳ್ಳುತ್ತದೆ. ಉತ್ತರಾಣಿ ಕಾಳು ಪಂಚೆಗೆ ಹತ್ತಿಕೊಂಡ ಹಾಗೆ, ಒಂದು ಹತ್ತಿತೆಂದರೆ ಹಿಂದೆಯೇ ಹತ್ತು. ಕೊನೆಗೆ ಅವುಗಳ ಹೊರಮೈ ಮಗುಚಿ, ಒಳಗಿದ್ದ ಫಾಸ್ಫಟೈಡಿಲ್ ಸೆರಿನ್ ಎಂಬ ಕೊಬ್ಬು ಹೊರಗೆ ಬರುತ್ತದೆ. ಆ ಮೇಲ್ಮೈಯಲ್ಲಿ ಥ್ರಾಂಬಿನ್ ಎಂಬ ಕಿಣ್ವ ಹುಟ್ಟಿ, ಫೈಬ್ರಿನ್ ಎಂಬ ನಾರಿನ ಬಲೆ ಬಿದ್ದು ಗಡ್ಡೆ ಗಟ್ಟಿಯಾಗುತ್ತದೆ.

ಗಾಯವಲ್ಲದ ಗಾಯ

ಹೃದಯದ ರಕ್ತನಾಳದಲ್ಲಿ ನಡೆಯುವುದೂ ಬಹುಮಟ್ಟಿಗೆ ಇದೇ. ವರ್ಷಗಟ್ಟಲೆ ಕೂಡಿದ ಕೊಬ್ಬಿನ ದಪ್ಪದ ಮೇಲಿನ ತೆಳು ಪೊರೆ ಒಂದು ದಿನ ಬಿರಿಯುತ್ತದೆ. ಪ್ಲೇಟ್‌ಲೆಟ್ಟಿಗೆ ಇದು ಬೆರಳಿನ ಗಾಯ, ಇದು ಹೃದಯದ ನಾಳ ಎಂಬ ಭೇದ ತಿಳಿಯದು. ಅದು ತನ್ನ ಕೆಲಸ ಮಾಡುತ್ತದೆ. ಮೂರು ಮಿಲಿಮೀಟರ್ ಅಗಲದ ನಾಳ ನಿಮಿಷಗಳಲ್ಲಿ ಮುಚ್ಚಿಹೋಗಬಹುದು. ಸಕ್ಕರೆ ಕಾಯಿಲೆ ಹತೋಟಿಯಲ್ಲಿ ಇಲ್ಲದವರಲ್ಲಿ ಮತ್ತು ಬೀಡಿ, ಸಿಗರೇಟು ಸೇದುವವರಲ್ಲಿ ಒಳಪದರದ ಸಮಾಧಾನ ಕಡಿಮೆ, ಪ್ಲೇಟ್‌ಲೆಟ್‌ಗಳ ಸಿಟ್ಟು ಹೆಚ್ಚು. ಅವರ ಲ್ಯಾಬ್ ಚೀಟಿಯಲ್ಲಿ ಲೆಕ್ಕ 2.5 ಲಕ್ಷ, ಅಚ್ಚುಕಟ್ಟು. ಅಪಾಯ ಆ ಅಂಕಿಯಲ್ಲಿ ಕಾಣುವುದೇ ಇಲ್ಲ.

ಆಸ್ಪಿರಿನ್ ಕಾಕ್ಸ್-1 ಕಿಣ್ವಕ್ಕೆ ಶಾಶ್ವತವಾಗಿ ಬೀಗ ಹಾಕುತ್ತದೆ. ಬೇರೆ ಕೋಶಗಳಾದರೆ ಹೊಸ ಕಿಣ್ವ ತಯಾರಿಸಿಕೊಳ್ಳುತ್ತವೆ. ಪ್ಲೇಟ್‌ಲೆಟ್ಟಿಗೆ ಕೋಶಕೇಂದ್ರವೇ ಇಲ್ಲವಾದ್ದರಿಂದ ಬೀಗ ಬಿದ್ದದ್ದು ಸಾಯುವ ತನಕ ಬಿದ್ದೇ ಇರುತ್ತದೆ. ಹಾಗಾಗಿ ದಿನಕ್ಕೆ 75 ಮಿ.ಗ್ರಾಂ.ನಷ್ಟು ಪುಟ್ಟ ಮಾತ್ರೆ ಸಾಕಾಗುತ್ತದೆ. ಹೃದಯಾಘಾತದ ಹೊತ್ತಿನಲ್ಲಿ ಮಾತ್ರ ಎಲ್ಲ ಪ್ಲೇಟ್‌ಲೆಟ್‌ಗಳನ್ನೂ ಒಂದೇ ಏಟಿಗೆ ತಡೆಯಬೇಕು. ಅದಕ್ಕೆ ಸುಮಾರು 300 ಮಿ.ಗ್ರಾಂ. ಅಗಿದು ನುಂಗಿಸುತ್ತಾರೆ. ಅಗಿಯುವುದಕ್ಕೆ ಕಾರಣ ಉಂಟು: ದಿನನಿತ್ಯದ ಬಹಳಷ್ಟು ಆಸ್ಪಿರಿನ್ ಮಾತ್ರೆಗಳಿಗೆ ಹೊಟ್ಟೆಯಲ್ಲಿ ಕರಗದ ಲೇಪ ಇರುತ್ತದೆ. ಇಡಿಯಾಗಿ ನುಂಗಿದರೆ ಗಂಟೆಗಟ್ಟಲೆ ತಡ.

ಜತೆಗೆ ಕೊಡುವ ಕ್ಲೊಪಿಡೊಗ್ರೆಲ್ ಅಥವಾ ಟಿಕಾಗ್ರೆಲಾರ್ ಎಡಿಪಿಯ ಕೂಗು ಕೇಳಿಸದಂತೆ ಮಾಡುತ್ತದೆ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯಲ್ಲಿ ಸರ್ಕಾರಿ ಆಸ್ಪತ್ರೆಗಳು ಉಚಿತವಾಗಿ ಕೊಡುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದಿನ ಕೆಲಸ ಬೇರೆ. ಅದು ಫೈಬ್ರಿನ್ ಬಲೆಯನ್ನು ಕರಗಿಸುತ್ತದೆಯೇ ಹೊರತು ಪ್ಲೇಟ್‌ಲೆಟ್‌ಗಳನ್ನು ತಡೆಯುವುದಿಲ್ಲ. ಬಲೆ ಕರಗುವಾಗ ಒಳಗೆ ಸಿಕ್ಕಿದ್ದ ಥ್ರಾಂಬಿನ್ ಹೊರಬಂದು ಪ್ಲೇಟ್‌ಲೆಟ್‌ಗಳನ್ನು ಮತ್ತೆ ಕೆರಳಿಸುವುದೂ ಉಂಟು. ಆದ್ದರಿಂದ ‘ಇಂಜೆಕ್ಷನ್ ಆಯಿತಲ್ಲ, ಮಾತ್ರೆ ಯಾಕೆ’ ಎನ್ನುವಂತಿಲ್ಲ.

ಜೇಬಿನಲ್ಲಿ ಇಟ್ಟುಕೊಳ್ಳಿ ಎಂದು ಹಂಚಿಕೆಯಾಗುವ ಮೂರು ಮಾತ್ರೆಗಳ ಪೊಟ್ಟಣದ ಬಗ್ಗೆ ಒಂದು ಎಚ್ಚರಿಕೆ. ಅದರಲ್ಲಿರುವ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್ ರಕ್ತದೊತ್ತಡವನ್ನು ಇಳಿಸುತ್ತದೆ. ಬಿಪಿ ಆಗಲೇ ಬಿದ್ದಿರುವವರು, ಬೆವೆತು ತಲೆಸುತ್ತಿ ಕುಸಿದವರು ತಾವಾಗಿಯೇ ಅದನ್ನು ಹಾಕಿಕೊಂಡರೆ ಇನ್ನಷ್ಟು ಕುಸಿಯುತ್ತಾರೆ. ಪೊಟ್ಟಣ ಹುಡುಕುವುದಕ್ಕಿಂತ ಮೊದಲು 108ಕ್ಕೆ ಫೋನು ಹೋಗಬೇಕು, ಇಸಿಜಿ ಆಗಬೇಕು.

ಡೆಂಗಿಯಲ್ಲಿ ಲೆಕ್ಕ ಇಳಿಯುವುದು ಯಾಕೆ

ವೈರಸ್ಸು ಮೂಳೆಮಜ್ಜೆಯ ತಯಾರಿಕೆಯನ್ನು ಕೆಲದಿನ ಕುಗ್ಗಿಸುತ್ತದೆ. ಇದು ಅರ್ಧ ಉತ್ತರ. ಉಳಿದರ್ಧ ಇನ್ನೂ ಮುಖ್ಯ: ವೈರಸ್ಸು ರಕ್ತದಲ್ಲಿರುವ ಪ್ಲೇಟ್‌ಲೆಟ್‌ಗಳನ್ನು ಗಾಯ ಇಲ್ಲದೆಯೇ ಎಚ್ಚರಿಸುತ್ತದೆ. ಡೆಂಗಿ ಪರೀಕ್ಷೆಯಲ್ಲಿ ಹುಡುಕುವ ಎನ್‌ಎಸ್1 ಎಂಬ ಪ್ರೋಟೀನೇ ಪ್ಲೇಟ್‌ಲೆಟ್‌ಗಳಿಗೆ ಅಂಟಿ ಅವನ್ನು ಕೆರಳಿಸುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಕೆರಳಿದವುಗಳ ಹೊರಮೈ ಮಗುಚಿ ಫಾಸ್ಫಟೈಡಿಲ್ ಸೆರಿನ್ ಕೊಬ್ಬು ಮೇಲೆ ಬಂದಾಗ, ದೇಹದ ಭಕ್ಷಕ ಕೋಶಗಳು ಅದನ್ನು ‘ನನ್ನನ್ನು ತಿನ್ನು’ ಎಂಬ ಗುರುತಾಗಿ ಓದಿ ನುಂಗಿಬಿಡುತ್ತವೆ. ಪ್ರತಿಕಾಯಗಳು ಅಂಟಿದವೂ ಹಾಗೆಯೇ ಹೋಗುತ್ತವೆ. ಅಂದರೆ ಲೆಕ್ಕ ಇಳಿದದ್ದು ರೋಗದ ಹೊಗೆ. ಬೆಂಕಿ ಬೇರೆ ಕಡೆ ಇದೆ.

ಆ ಬೆಂಕಿ ರಕ್ತನಾಳದ ಸೋರಿಕೆ. ಜ್ವರ ಬಂದ ಮೂರರಿಂದ ಏಳನೇ ದಿನದ ನಡುವೆ, ಬಹಳ ಸಲ ಜ್ವರ ಬಿಟ್ಟು ‘ಹುಷಾರಾದ’ ಎಂದು ಮನೆಯವರು ಉಸಿರು ಬಿಡುವ ಹೊತ್ತಿಗೇ, 24ರಿಂದ 48 ಗಂಟೆ ರಕ್ತದ ನೀರಿನಂಶ ನಾಳದಿಂದ ಹೊರಗೆ ಸೋರುತ್ತದೆ. ಡೆಂಗಿಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಈ ಸೋರಿಕೆಯ ಆಘಾತದಿಂದ (ಶಾಕ್). ಇದನ್ನು ತೋರಿಸುವ ಅಂಕಿ ಅದೇ ಚೀಟಿಯಲ್ಲಿ ಇನ್ನೊಂದು ಸಾಲಿನಲ್ಲಿದೆ: ಪಿಸಿವಿ ಅಥವಾ ಹೆಮಟೊಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು. ಮೊದಲು 40 ಇದ್ದದ್ದು 48 ಆದರೆ ಶೇ 20ರಷ್ಟು ಏರಿತು, ರಕ್ತ ಮಂದವಾಯಿತು, ನೀರು ಸೋರಿದೆ ಎಂದರ್ಥ. ಬಿಪಿಯಲ್ಲೂ ಒಂದು ಮೋಸ ಇದೆ. 100/80 ನೋಡಿ ಸರಿಯಾಗಿದೆ ಎಂದುಕೊಳ್ಳುತ್ತಾರೆ. ಮೇಲಿನ ಕೆಳಗಿನ ಅಂಕಿಗಳ ಅಂತರ 20ಕ್ಕೆ ಇಳಿದರೆ ಅದು ಆಘಾತದ ಗುರುತು.

ಬಿಡದ ಹೊಟ್ಟೆನೋವು, ಮೇಲಿಂದ ಮೇಲೆ ವಾಂತಿ, ವಸಡು ಅಥವಾ ಮೂಗಿನಿಂದ ರಕ್ತ, ಕಪ್ಪು ಮಲ, ಮಂಪರು, ಆರು ಗಂಟೆ ಮೂತ್ರ ಹೋಗದಿರುವುದು, ಕೈಕಾಲು ತಣ್ಣಗಾಗುವುದು. ಇವುಗಳಲ್ಲಿ ಒಂದು ಕಂಡರೂ ಪ್ಲೇಟ್‌ಲೆಟ್ 90 ಸಾವಿರ ಇದ್ದರೂ ಆಸ್ಪತ್ರೆಗೆ ಹೊರಡಬೇಕು. ಇವೊಂದೂ ಇಲ್ಲದೆ, ಓಆರ್‌ಎಸ್, ಗಂಜಿ, ಮಜ್ಜಿಗೆ ಕುಡಿಯುತ್ತಾ ಮೂತ್ರ ಸರಿಯಾಗಿ ಹೋಗುತ್ತಿದ್ದರೆ 40 ಸಾವಿರವೂ ವೈದ್ಯರ ನಿಗಾದಲ್ಲಿ ಏರಿಬರುತ್ತದೆ. ವಾರ್ಡಿನ ಬಾಗಿಲಲ್ಲಿ ‘ಪ್ಲೇಟ್‌ಲೆಟ್ ಎಷ್ಟಾಯ್ತು ಸರ್?’ ಎಂದು ಕೇಳುವವರು ‘ಪಿಸಿವಿ ಎಷ್ಟಿದೆ, ಮೂತ್ರ ಎಷ್ಟು ಹೋಗಿದೆ?’ ಎಂದೂ ಕೇಳಬೇಕು ಎಂದು ಒತ್ತಿ ಹೇಳಬೇಕಾಗಿದೆ.

ಆಸ್ಪಿರಿನ್ ಇಲ್ಲಿ ಯಾಕೆ ಬೇಡ ಎಂಬುದು ಈಗ ತಾನೇ ಬಿಡಿಸಿಕೊಳ್ಳುತ್ತದೆ. ಉಳಿದಿರುವ ಕೆಲವೇ ಪ್ಲೇಟ್‌ಲೆಟ್‌ಗಳಿಗೂ ಬೀಗ ಹಾಕಿದರೆ ಜಠರದ ಸಣ್ಣ ಹುಣ್ಣೂ ನಿಲ್ಲದೆ ಸೋರುತ್ತದೆ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಅದೇ ಕಿಣ್ವವನ್ನು ತಡೆಯುತ್ತವೆ, ಜಠರವನ್ನೂ ಕೆಡಿಸುತ್ತವೆ. ಮೈಕೈ ನೋವಿಗೆಂದು ಹಳ್ಳಿ ಕಡೆ ಸೊಂಟಕ್ಕೆ ಹಾಕುವ ಚುಚ್ಚುಮದ್ದು ಬಹುಮಟ್ಟಿಗೆ ಡೈಕ್ಲೊಫೆನಾಕ್. ಜ್ವರ ಯಾವುದು ಎಂದು ತಿಳಿಯುವ ತನಕ ಅದು ಬೇಡವೇ ಬೇಡ. ಪ್ಯಾರಾಸಿಟಮಾಲ್ ಮಾತ್ರ, ಮಕ್ಕಳಿಗೆ ಒಂದು ಕಿಲೊ ತೂಕಕ್ಕೆ 10ರಿಂದ 15 ಮಿ.ಗ್ರಾಂ.ನಂತೆ, ಆರು ಗಂಟೆಗೊಮ್ಮೆ.

ಅಂಕಿಯೇ ತಪ್ಪಿದಾಗ

ನೇರಳೆ ಮುಚ್ಚಳದ ಸೀಸೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಇಡಿಟಿಎ ಎಂಬ ರಾಸಾಯನಿಕ ಇರುತ್ತದೆ. ಸಾವಿರಕ್ಕೆ ಒಬ್ಬರ ಆಸುಪಾಸಿನಲ್ಲಿ ಅದರಿಂದಲೇ ಪ್ಲೇಟ್‌ಲೆಟ್‌ಗಳು ಸೀಸೆಯೊಳಗೆ ಗುಂಪುಗೂಡಿ ಅಂಟಿಕೊಳ್ಳುತ್ತವೆ. ಯಂತ್ರ ಗುಂಪನ್ನು ಎಣಿಸಲಾರದೆ 30 ಸಾವಿರ ಎಂದು ಬರೆಯುತ್ತದೆ. ದೇಹದಲ್ಲಿ ಎರಡು ಲಕ್ಷ ಆರಾಮಾಗಿ ಓಡಾಡುತ್ತಿರುತ್ತವೆ. ರಕ್ತ ತೆಗೆಯಲು ಸೂಜಿ ಎರಡು ಮೂರು ಸಲ ಚುಚ್ಚಿ ಹುಡುಕಿದರೆ, ಸೀಸೆಯನ್ನು ಮೆಲ್ಲಗೆ ಎಂಟು ಹತ್ತು ಸಲ ಮಗುಚದೆ ಬಿಟ್ಟರೆ, ಅಲ್ಲಿಯೂ ಗುಂಪು ಕಟ್ಟುತ್ತವೆ.

ಪರಿಹಾರ ಸುಲಭ. ಗಾಜಿನ ಮೇಲೆ ರಕ್ತ ಎಳೆದು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಗುಂಪು ಕಾಣುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ ಸೀಸೆಯಲ್ಲಿ ಮತ್ತೆ ತೆಗೆದು ಎಣಿಸಿ, ಬಂದ ಅಂಕಿಯನ್ನು 1.1ರಿಂದ ಗುಣಿಸಬೇಕು, ಏಕೆಂದರೆ ಆ ಸೀಸೆಯ ದ್ರವ ರಕ್ತವನ್ನು ಹತ್ತನೇ ಒಂದು ಪಾಲು ತೆಳುಮಾಡಿರುತ್ತದೆ. ಬೆಳಿಗ್ಗೆ ಒಂದು ಲ್ಯಾಬ್, ಸಂಜೆ ಇನ್ನೊಂದು ಲ್ಯಾಬ್ ಎಂದು ಓಡಾಡಿ ಅಂಕಿ ಹೋಲಿಸುವುದರಿಂದ ಗಾಬರಿಯೇ ಹೆಚ್ಚುತ್ತದೆ. ಒಂದೇ ಯಂತ್ರದಲ್ಲಿ ದಿನಕ್ಕೊಮ್ಮೆ, ಪಿಸಿವಿಯ ಜತೆಗೆ ನೋಡುವುದು ಸರಿಯಾದ ಕ್ರಮ.

ಪ್ಲೇಟ್‌ಲೆಟ್ ಏರಿಸಬೇಕೆ?

ಇಲ್ಲಿ ಎರಡು ಪಕ್ಷಗಳಿವೆ. 20 ಸಾವಿರಕ್ಕಿಂತ ಕಡಿಮೆಯಾದರೆ ತಲೆಯೊಳಗೆ ರಕ್ತಸ್ರಾವ ಆಗಬಹುದು, ಕಾಯುವುದಕ್ಕಿಂತ ದಾನಿಯ ಪ್ಲೇಟ್‌ಲೆಟ್ ಏರಿಸಿಬಿಡೋಣ ಎನ್ನುವುದು ಒಂದು ಪಕ್ಷ. ಅದರ ಹಿಂದೆ ವೈದ್ಯರಿಗೂ ಬಂಧುಗಳಿಗೂ ಇರುವ ನಿಜವಾದ ಭಯ ಇದೆ, ಅದನ್ನು ಹಗುರಾಗಿ ಕಾಣಬಾರದು. ರಕ್ತಸ್ರಾವ ಇಲ್ಲದಿದ್ದರೆ ಏರಿಸುವುದರಿಂದ ಲಾಭವಿಲ್ಲ ಎನ್ನುವುದು ಇನ್ನೊಂದು. 2017ರಲ್ಲಿ ಸಿಂಗಪುರ ಮತ್ತು ಮಲೇಷ್ಯಾದ ಆಸ್ಪತ್ರೆಗಳ ಪ್ರಯೋಗವೊಂದರ ಫಲಿತಾಂಶ ಪ್ರಕಟವಾಯಿತು. 20 ಸಾವಿರ ಮತ್ತು ಅದಕ್ಕಿಂತ ಕಡಿಮೆ ಇದ್ದ ವಯಸ್ಕ ಡೆಂಗಿ ರೋಗಿಗಳಲ್ಲಿ ಮುಂಜಾಗ್ರತೆಗೆ ಪ್ಲೇಟ್‌ಲೆಟ್ ಏರಿಸಿದ್ದು ರಕ್ತಸ್ರಾವವನ್ನು ತಡೆಯಲಿಲ್ಲ. ಅಲರ್ಜಿಯಂಥ ಅಡ್ಡಪರಿಣಾಮಗಳು ಏರಿಸಿದವರಲ್ಲೇ ಹೆಚ್ಚು ಕಂಡವು. ನಮ್ಮ ರಾಷ್ಟ್ರೀಯ ಮಾರ್ಗಸೂಚಿಯೂ ರಕ್ತಸ್ರಾವ ಇಲ್ಲದವರಿಗೆ 10 ಸಾವಿರಕ್ಕಿಂತ ಕೆಳಗೆ ಇಳಿದಾಗಲಷ್ಟೇ ಮುಂಜಾಗ್ರತೆಯ ಮಾತಾಡುತ್ತದೆ.

ಕಾರಣ ಮೇಲೆ ಹೇಳಿದ್ದೇ. ರಕ್ತದಲ್ಲಿ ಎನ್‌ಎಸ್1 ಮತ್ತು ಪ್ರತಿಕಾಯ ಇನ್ನೂ ಇರುವಾಗ ಹೊರಗಿನಿಂದ ಬಂದ ಪ್ಲೇಟ್‌ಲೆಟ್‌ಗಳೂ ಅದೇ ರೀತಿ ಕೆರಳಿ, ಅದೇ ಭಕ್ಷಕ ಕೋಶಗಳ ಪಾಲಾಗುತ್ತವೆ. ಜತೆಗೆ, ಒಂದು ದೊಡ್ಡ ಚೀಲ ಎಂದರೆ 200ರಿಂದ 300 ಮಿ.ಲೀ. ದ್ರವ. ಸೋರಿಕೆ ನಿಂತು ನೀರು ನಾಳಕ್ಕೆ ಹಿಂದಿರುಗುವ ದಿನಗಳಲ್ಲಿ ಅದು ಶ್ವಾಸಕೋಶಕ್ಕೆ ಹೊರೆ. ರಕ್ತ ನಿಜಕ್ಕೂ ಸುರಿಯುತ್ತಿದ್ದರೆ ಮಾತು ಬೇರೆ, ಆಗ ತಡಮಾಡಬಾರದು. ಉಳಿದಂತೆ ಸಾಕ್ಷ್ಯ ಎರಡನೇ ಪಕ್ಷದ ಕಡೆಗೇ ವಾಲಿದೆ.

ಏರಿಸಲೇಬೇಕಾದಾಗ ತಿಳಿದಿರಬೇಕಾದ್ದು: ಒಬ್ಬರ ಸಾಮಾನ್ಯ ರಕ್ತದಾನದಿಂದ ಬೇರ್ಪಡಿಸಿದ 50–70 ಮಿ.ಲೀ.ನ ಚೀಲ ಲೆಕ್ಕವನ್ನು ಸುಮಾರು 5ರಿಂದ 10 ಸಾವಿರ ಏರಿಸುತ್ತದೆ. ಒಬ್ಬರೇ ದಾನಿಯನ್ನು ಯಂತ್ರಕ್ಕೆ ಜೋಡಿಸಿ ಒಂದು ಒಂದೂವರೆ ಗಂಟೆ ತೆಗೆದ ಎಸ್‌ಡಿಪಿ (ಏಕದಾನಿ ಪ್ಲೇಟ್‌ಲೆಟ್) 30ರಿಂದ 50 ಸಾವಿರ ಏರಿಸುತ್ತದೆ. ದಾನಿ ಹಿಂದಿನ ಮೂರು ದಿನ ಆಸ್ಪಿರಿನ್ ನುಂಗಿರಬಾರದು.

ಚೀಲವನ್ನು 20ರಿಂದ 24 ಡಿಗ್ರಿಯಲ್ಲಿ, ಸದಾ ತೂಗುವ ತಟ್ಟೆಯ ಮೇಲೆ ಇಡುತ್ತಾರೆ, ಐದು ದಿನ ಮಾತ್ರ. ನೆಂಟರು ಮಾಡುವ ದೊಡ್ಡ ತಪ್ಪು, ರಕ್ತದ ಚೀಲದ ಜತೆ ಇದನ್ನೂ ಐಸ್ ಡಬ್ಬಿಗೆ ಹಾಕಿಕೊಂಡು ದಾವಣಗೆರೆಯಿಂದ ಜಗಳೂರಿಗೋ ಚನ್ನಗಿರಿಗೋ ಒಯ್ಯುವುದು. ಚಳಿಗೆ ಪ್ಲೇಟ್‌ಲೆಟ್‌ಗಳು ಆಕಾರ ಬದಲಿಸಿ ಮುಳ್ಳಾಗುತ್ತವೆ. ಏರಿಸಿದ ಮೇಲೆ ಯಕೃತ್ತು ಅವನ್ನು ಬೇಗ ಹೆಕ್ಕಿ ತೆಗೆಯುತ್ತದೆ. ಹಣ ಹೋಯಿತು, ದಾನಿಯ ಶ್ರಮ ಹೋಯಿತು, ಲೆಕ್ಕ ಅಲ್ಲೇ ಉಳಿಯಿತು. ಚೀಲ ಚೆನ್ನಾಗಿದೆಯೇ ಎಂದು ಬರಿಗಣ್ಣಿಗೇ ತಿಳಿಯುವ ಉಪಾಯ ಒಂದಿದೆ. ಬೆಳಕಿಗೆ ಹಿಡಿದು ಮೆಲ್ಲಗೆ ಹಿಂಡಿದರೆ, ಒಳಗೆ ರೇಷ್ಮೆ ಬಟ್ಟೆ ಮಿನುಗಿದಂತೆ ಸುಳಿ ಕಾಣಬೇಕು. ಬಿಲ್ಲೆಯಾಕಾರದಲ್ಲಿ ಸುಮ್ಮನಿರುವ ಪ್ಲೇಟ್‌ಲೆಟ್‌ಗಳು ಮಾತ್ರ ಹಾಗೆ ಮಿನುಗುತ್ತವೆ. ಕೆರಳಿ ಉರುಟಾದವು ಮಂಕಾಗಿ ಕಾಣುತ್ತವೆ.

ಪಪ್ಪಾಯಿ ಎಲೆ, ಕಿವಿ ಹಣ್ಣು

ಪಪ್ಪಾಯಿ ಎಲೆಯ ರಸದಿಂದ ಲೆಕ್ಕ ತುಸು ಬೇಗ ಏರಿತು ಎನ್ನುವ ಸಣ್ಣ ಅಧ್ಯಯನಗಳಿವೆ. ಆದರೆ ಸೋರಿಕೆಯಾಗಲಿ ಸಾವಾಗಲಿ ಅದರಿಂದ ಕಡಿಮೆಯಾಯಿತು ಎಂಬ ಗಟ್ಟಿ ಪುರಾವೆ ಇಲ್ಲ. ಆರೇಳನೇ ದಿನಕ್ಕೆ ಲೆಕ್ಕ ತಾನಾಗಿಯೇ ಏರತೊಡಗುತ್ತದೆ. ಆ ಹೊತ್ತಿಗೆ ಯಾವುದನ್ನು ಕುಡಿಸಿದ್ದರೋ ಕೀರ್ತಿ ಅದಕ್ಕೆ ಹೋಗುತ್ತದೆ. ಕಹಿ ರಸ ಕುಡಿದು ವಾಂತಿಯಾದರೆ ನಷ್ಟ ಮಾತ್ರ ಖಚಿತ. ಕಿವಿ ಹಣ್ಣಿನ ದುಡ್ಡಿಗೆ ಓಆರ್‌ಎಸ್ ಪೊಟ್ಟಣಗಳು ಹತ್ತಾರು ಬರುತ್ತವೆ.

ಲಸಿಕೆಯ ಪ್ರಶ್ನೆ

ಹಾಸನದ ಸಾವುಗಳಾದಾಗ ಕೋವಿಡ್ ಲಸಿಕೆಯ ಮೇಲೆ ಅನುಮಾನ ಎದ್ದಿತು. ಅದಕ್ಕೆ ಬೀಜ ಎಲ್ಲಿಯದು ಎಂದರೆ 2021ರಲ್ಲಿ ಗುರುತಿಸಿದ ಒಂದು ನಿಜವಾದ ಅಪರೂಪದ ತೊಂದರೆ. ಆಸ್ಟ್ರಾಜೆನೆಕಾ ಮಾದರಿಯ ಲಸಿಕೆ ಪಡೆದ ಬಹಳ ಕಡಿಮೆ ಜನರಲ್ಲಿ ಪ್ಲೇಟ್‌ಲೆಟ್ಟಿನದೇ ಒಂದು ಪ್ರೋಟೀನಿನ ವಿರುದ್ಧ ಪ್ರತಿಕಾಯ ಹುಟ್ಟಿ, ಪ್ಲೇಟ್‌ಲೆಟ್‌ಗಳೆಲ್ಲ ಒಟ್ಟಿಗೆ ಕೆರಳಿದವು. ಗಡ್ಡೆ ಕಟ್ಟಿದವು, ಗಡ್ಡೆಯಲ್ಲೇ ಖರ್ಚಾಗಿ ಲೆಕ್ಕವೂ ಇಳಿಯಿತು. ಪ್ಲೇಟ್‌ಲೆಟ್ ಕಡಿಮೆ ಎಂದರೆ ರಕ್ತ ಸೋರುತ್ತದೆ ಎಂಬ ನಂಬಿಕೆಗೆ ಇದು ಪೂರ್ತಿ ವಿರುದ್ಧ. 2024ರಲ್ಲಿ ಬ್ರಿಟನ್ನಿನ ನ್ಯಾಯಾಲಯದ ದಾಖಲೆಗಳಿಂದಾಗಿ ಇದು ಮತ್ತೆ ಸುದ್ದಿಯಾಯಿತು.

ಆದರೆ ಆ ತೊಂದರೆ ಕಾಣಿಸುವುದು ಲಸಿಕೆಯ ನಂತರ ಸುಮಾರು ಆರು ವಾರದೊಳಗೆ. ವರ್ಷಗಳು ಕಳೆದ ಮೇಲೆ ಪೊರೆ ಬಿರಿದು ಆಗುವ ಹೃದಯಾಘಾತಕ್ಕೆ ಅದು ಕಾರಣವಾಗಲು ದಾರಿಯೇ ಇಲ್ಲ. ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ 2025ರ ಜುಲೈಯಲ್ಲಿ ಲಸಿಕೆಗೂ ಹೃದಯಾಘಾತಕ್ಕೂ ನಂಟು ಕಾಣಲಿಲ್ಲ ಎಂದಿತು. 18ರಿಂದ 45 ವಯಸ್ಸಿನವರ ಹಠಾತ್ ಸಾವುಗಳನ್ನು ಕುರಿತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಅಧ್ಯಯನವೂ ಲಸಿಕೆಯಿಂದ ಅಪಾಯ ಹೆಚ್ಚಿಲ್ಲ ಎಂದೇ ಹೇಳಿತ್ತು. ಕುಟುಂಬದಲ್ಲಿ ಹಠಾತ್ ಸಾವು, ವಿಪರೀತ ಕುಡಿತ, ಕಠಿಣ ದೈಹಿಕ ಶ್ರಮ, ಕೋವಿಡ್‌ನಿಂದ ಆಸ್ಪತ್ರೆ ಸೇರಿದ್ದು ಅದು ಗುರುತಿಸಿದ ಅಪಾಯಗಳು.

ದಿನಾ ಆಸ್ಪಿರಿನ್ ಯಾರಿಗೆ

ಒಮ್ಮೆ ಹೃದಯಾಘಾತವೋ ರಕ್ತಹೆಪ್ಪಿನ ಪಾರ್ಶ್ವವಾಯುವೋ ಆದವರಿಗೆ, ಹೃದಯದ ನಾಳ ತೆರೆದಿಡುವ ಲೋಹದ ಜಾಳಿಗೆ (ಸ್ಟೆಂಟ್) ಇರುವವರಿಗೆ ಲಾಭ ಸ್ಪಷ್ಟ. ಬಿಪಿ ತೀರಾ ಏರುವ ಅಪಾಯವಿರುವ ಗರ್ಭಿಣಿಯರಿಗೆ ಮೂರ್ನಾಲ್ಕನೇ ತಿಂಗಳಿಂದ ಸಣ್ಣ ಪ್ರಮಾಣದಲ್ಲಿ ಪ್ರಸೂತಿ ತಜ್ಞರು ಬರೆಯುತ್ತಾರೆ. ಏನೂ ಇಲ್ಲದ ಆರೋಗ್ಯವಂತ ಹಿರಿಯರಿಗೆ ಬೇಡ. 2018ರಲ್ಲಿ ಪ್ರಕಟವಾದ ಆಸ್ಟ್ರೇಲಿಯಾ–ಅಮೆರಿಕದ ಸುಮಾರು 19 ಸಾವಿರ ಹಿರಿಯರ ಪ್ರಯೋಗದಲ್ಲಿ ಹೃದಯಕ್ಕೆ ಹೇಳಿಕೊಳ್ಳುವ ಲಾಭವಾಗಲಿಲ್ಲ, ದೊಡ್ಡ ರಕ್ತಸ್ರಾವ ಹೆಚ್ಚಿತು. ಹಾಸನದ ಸುದ್ದಿ ಓದಿ ಅಂಗಡಿಯಿಂದ ಪಟ್ಟಿ ತಂದು ನುಂಗುತ್ತಿರುವವರು ಇದನ್ನು ಗಮನಿಸಬೇಕು.

ಸ್ಟೆಂಟ್ ಇದ್ದವರಿಗೆ ಡೆಂಗಿ ಬಂದರೆ

ಎರಡೂ ಸಂದೇಶಗಳು ಒಬ್ಬರ ಮೈಯಲ್ಲೇ ಎದುರಾಗುವ ಸಂದರ್ಭ ಇದು. ನಲ್ಲಿ ನೀರು ದಿನ ಬಿಟ್ಟು ಬರುವ ಓಣಿಗಳಲ್ಲಿ ಡ್ರಮ್ಮು, ಹಂಡೆ ತುಂಬಿಡದೆ ವಿಧಿಯಿಲ್ಲ, ಸೊಳ್ಳೆಯೂ ಅಲ್ಲೇ. ಅದೇ ಮನೆಯಲ್ಲಿ ಸ್ಟೆಂಟ್ ಹಾಕಿಸಿಕೊಂಡ ಹಿರಿಯರೂ ಇರುತ್ತಾರೆ.

ಜ್ವರ ಬಂತೆಂದು ಮನೆಯಲ್ಲೇ ಮಾತ್ರೆ ನಿಲ್ಲಿಸಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿ. ದಿನಕ್ಕೆ ಹೊಸದಾಗಿ ಬರುವ ಪ್ಲೇಟ್‌ಲೆಟ್ ನೂರಕ್ಕೆ ಹತ್ತು. ಮೂರನೇ ದಿನ ನಿಲ್ಲಿಸಿದರೂ ಐದನೇ ದಿನದ ಅಪಾಯದ ಹೊತ್ತಿಗೆ ಹೆಚ್ಚಿನವು ಬೀಗ ಬಿದ್ದವೇ ಆಗಿರುತ್ತವೆ. ಡೆಂಗಿಯಿಂದ ಮಜ್ಜೆಯೂ ಮಂದವಾಗಿರುವುದರಿಂದ ಹೊಸವು ಇನ್ನೂ ಕಡಿಮೆ. ಅಂದರೆ ತಕ್ಷಣದ ರಕ್ಷಣೆ ಅಲ್ಪ. ಆದರೆ ವಾರ ಕಳೆಯುವಷ್ಟರಲ್ಲಿ ಸ್ಟೆಂಟಿನ ಕಾವಲು ಬಹುಪಾಲು ಹೋಗಿರುತ್ತದೆ. ಹೊಸ ಲೋಹದ ಮೇಲೆ ಒಳಪದರ ಇನ್ನೂ ಬೆಳೆದಿರದ ಮೊದಲ ತಿಂಗಳುಗಳಲ್ಲಿ ಇದು ಪ್ರಾಣಕ್ಕೆ ಎರವಾಗಬಹುದು. ಹಾಗೆಂದು ಲೆಕ್ಕ ತೀರಾ ಕುಸಿದಾಗಲೂ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಎಂದು ಎರಡೆರಡು ಮಾತ್ರೆ ಮುಂದುವರಿಸುವುದೂ ಸರಿಯಲ್ಲ. ಸ್ಟೆಂಟ್ ಹಾಕಿ ಎಷ್ಟು ದಿನವಾಯಿತು, ಲೆಕ್ಕ ಎಷ್ಟು, ರಕ್ತ ಎಲ್ಲಾದರೂ ಸೋರುತ್ತಿದೆಯೇ ಎಂಬ ಮೂರನ್ನು ತೂಗಿ, ಎರಡರಲ್ಲಿ ಒಂದನ್ನು ನಿಲ್ಲಿಸಬೇಕೋ ಎರಡನ್ನೂ ನಿಲ್ಲಿಸಬೇಕೋ ಎಂದು ಹೃದ್ರೋಗ ತಜ್ಞರೇ ಹೇಳಬೇಕು. ಆದ್ದರಿಂದ ಜ್ವರದ ಮೊದಲ ದಿನವೇ ಸ್ಟೆಂಟಿನ ತಾರೀಖಿರುವ ಕಾಗದ, ನುಂಗುತ್ತಿರುವ ಮಾತ್ರೆಗಳ ಪಟ್ಟಿ ಹಿಡಿದು ಹೋಗಿ, ಓಪಿಡಿಯಲ್ಲಿ ಅದನ್ನೇ ಮೊದಲು ತೋರಿಸಿ.

ಕೊನೆಯ ತಪ್ಪು ಎಲ್ಲ ಮುಗಿದ ಮೇಲೆ ಆಗುತ್ತದೆ. ಆಸ್ಪತ್ರೆಯಲ್ಲಿ ಆಸ್ಪಿರಿನ್ ನಿಲ್ಲಿಸಿರುತ್ತಾರೆ, ಡೆಂಗಿ ವಾಸಿಯಾಗುತ್ತದೆ, ಡಿಸ್ಚಾರ್ಜ್ ಚೀಟಿಯಲ್ಲಿ ವಿಟಮಿನ್ ಮಾತ್ರೆಗಳ ಹೆಸರಷ್ಟೇ ಇರುತ್ತದೆ. ಹಳೆಯ ಮಾತ್ರೆ ಮತ್ತೆ ಯಾವತ್ತಿನಿಂದ ಎಂದು ಯಾರೂ ಬರೆದಿರುವುದಿಲ್ಲ, ಮನೆಯವರು ಕೇಳಿರುವುದಿಲ್ಲ. ಆ ತಾರೀಖನ್ನು ಚೀಟಿಯ ಮೇಲೆ ಬರೆಸಿಕೊಂಡೇ ವಾರ್ಡಿನಿಂದ ಹೊರಡಬೇಕು.